ತೊಟ್ಟಿಯ ಪುರುಡು

ಹೂ ಕಟ್ಟಿ ಮಾರುವವಳ ಹಿರಿಮಗಳು ಡೆಂಗಿ ಜ್ವರದಲ್ಲಿ ತೀರಿಕೊಂಡಳು. ಪಕ್ಕದ ಮನೆಯ ಪುಟ್ಟಸ್ವಾಮಯ್ಯ ತಮ್ಮ ಗೇಟಿಗೆ ಬಂದರು, ಸಮಾಧಾನ ಹೇಳುವುದಕ್ಕಲ್ಲ.

"ಸೂತಕದವಳು ನೀನು. ನಮ್ಮನೆ ಮುಂದೆ ಓಡಾಡಬೇಡ. ರೋಗ ಅಂಟುತ್ತೆ!"

ಆಕೆ ಒಳಗೆ ಹೋಗಿ ಗಾಜಿನ ಲೋಟ ತಂದಳು. ಅವರ ಗೇಟಿನ ಹೊರಗಿದ್ದ, ಎಂದೂ ತೊಳೆಯದ ಕಲ್ಲುತೊಟ್ಟಿಯಲ್ಲಿ ಅದ್ದಿ ಅವರ ಮುಂದೆ ಹಿಡಿದಳು. ನೀರಿನಲ್ಲಿ ಸೊಳ್ಳೆಮರಿಗಳು ವಿಲವಿಲ ಆಡುತ್ತಿದ್ದವು.

"ಏನೇ ಇದು?"

"ನಿಮ್ಮನೇಲಿ ಹುಟ್ಟಿದವು ಸ್ವಾಮಿ. ಸತ್ತ ಮನೆಗೆ ಸೂತಕ ಇದ್ದಂಗೆ ಹೆತ್ತ ಮನೆಗೆ ಪುರುಡು ಇರುತ್ತಲ್ಲ? ನೀವೂ ಯಾರ ಮನೆಗೂ ಹೋಗೋ ಹಾಗಿಲ್ಲ."

ಪುಟ್ಟಸ್ವಾಮಯ್ಯ ತೊಟ್ಟಿಯ ಕಡೆ ತಿರುಗಿ ನೋಡಿದರು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನು ನಿಮ್ಮನೆ ಕಡೆ ಬರಲ್ಲ ಸ್ವಾಮಿ. ಇವು ನಮ್ಮನೆಗೆ ಬರದ ಹಾಗೆ ನೋಡ್ಕೊಳ್ಳಿ. ಚಿಕ್ಕವಳು ಇನ್ನೂ ಇದ್ದಾಳೆ."