ವಾಲದ ಹೇರು

"ಗುರುಗಳೇ, ಯಾವುದಕ್ಕೂ ಮನಸ್ಸು ಅಲುಗದಿದ್ದರೆ ಅದು ಸಮಚಿತ್ತವೇ?"

ಕೇಳಿದವನು ಬಸವಂತ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಹೊಗಳಿದರೆ ಹಿಗ್ಗಬಾರದು, ಬೈದರೆ ಕುಗ್ಗಬಾರದು ಎಂದು ದಿನವೂ ಅಭ್ಯಾಸ ಮಾಡಿದ್ದ. ಹಿಂದಿನ ದಿನ ಅವನ ಊರಿನವನೊಬ್ಬ ಬಂದು, ಅಕ್ಕನ ಮಗ ಜ್ವರದಲ್ಲಿ ಮಲಗಿದ್ದಾನೆ, ಮಾಮ ಎಲ್ಲಿ ಎಂದು ಕೇಳುತ್ತಿದ್ದಾನೆ ಎಂದು ಹೇಳಿ ಹೋಗಿದ್ದ. ಬಸವಂತ ಕೇಳಿಸಿಕೊಂಡ. ಎಂದಿನಂತೆ ಊಟ ಮಾಡಿದ. ಎಂದಿನಂತೆ ನಿದ್ದೆಯೂ ಬಂತು.

"ಬೆಳಿಗ್ಗೆ ಎದ್ದಾಗ ನನಗೇ ಅನುಮಾನ ಬಂತು," ಎಂದ ಬಸವಂತ. "ಇದು ನಾನು ಬಯಸಿದ್ದ ಸ್ಥಿತಿಯೇ. ಆದರೂ ಸಂತೋಷಪಡಬೇಕೋ ಹೆದರಬೇಕೋ ತಿಳಿಯುತ್ತಿಲ್ಲ."

ಗುರುಗಳು ಈ ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಎತ್ತಿನ ಮೇಲೆ ಹೇರು ಹಾಕಿ ಊರೂರಿಗೆ ಉಪ್ಪು ಸಾಗಿಸುವುದು ಅವನ ಕಸುಬು. ಹೇರೆಂದರೆ ಎತ್ತಿನ ಎಡಕ್ಕೊಂದು, ಬಲಕ್ಕೊಂದು ಮೂಟೆ. ಎರಡರ ತೂಕವೂ ಒಂದೇ ಇರಬೇಕು. ಒಂದು ಕಡೆ ಹೆಚ್ಚಾದರೆ ಹೇರು ವಾಲುತ್ತದೆ, ಹಗ್ಗ ಉಜ್ಜುತ್ತದೆ, ಎತ್ತಿನ ಬೆನ್ನು ಹುಣ್ಣಾಗುತ್ತದೆ. ಉಪ್ಪಿನವರು ಎತ್ತಿನ ಮುಂದೆ ಹಗ್ಗ ಹಿಡಿದು ನಡೆಯುತ್ತಾರೆ, ಹಿಂತಿರುಗಿ ನೋಡುವುದಿಲ್ಲ. ಹೇರು ವಾಲಿದರೆ ಎತ್ತಿನ ಹೆಜ್ಜೆ ತಪ್ಪುತ್ತದೆ, ಹಗ್ಗ ಕೈಯನ್ನು ಜಗ್ಗುತ್ತದೆ. ಹಗ್ಗ ಸುಮ್ಮನಿದ್ದರೆ ಎಲ್ಲವೂ ಸರಿಯಿದೆ ಎಂದೇ ಅರ್ಥ. ಅವನ ಅಪ್ಪ ಹಾಗೆ ನಡೆದಿದ್ದ, ಅಜ್ಜನೂ ಹಾಗೆ ನಡೆದಿದ್ದ.

ಅವನ ಹೆಂಡತಿ ಹೆರಿಗೆಗೆಂದು ಹೊಳೆಯಾಚೆಯ ತವರಿಗೆ ಹೋಗಿದ್ದಳು. ಅವಳು ಹೊರಡುವಾಗ ಎರಡು ವರ್ಷದ ಮಗಳಿಗೆ ಮೈಮೇಲೆಲ್ಲ ದಡಾರ ಎದ್ದಿತ್ತು. ಹಾಗಾಗಿ ಮಗಳು ಅಪ್ಪನ ಬಳಿ ಉಳಿದಳು. ಮೊದಲ ತಿಂಗಳು ಅಮ್ಮ ಬೇಕು ಎಂದು ಅತ್ತಳು. ಎರಡನೆಯ ತಿಂಗಳು ಆಗಾಗ ಕೇಳಿದಳು. ಮೂರನೆಯ ತಿಂಗಳು ಕೇಳುವುದನ್ನೇ ಬಿಟ್ಟಳು. ವ್ಯಾಪಾರಿಗೆ ದಿಗಿಲಾದದ್ದು ಆಗ. ಮಳೆ ಹಿಡಿದು ಹೊಳೆ ತುಂಬಿದರೆ ನಾಲ್ಕು ತಿಂಗಳು ದೋಣಿ ಇರುವುದಿಲ್ಲ. ಅಷ್ಟರಲ್ಲಿ ಮಗಳಿಗೆ ತಾಯಿಯ ಮುಖವೇ ಮರೆತುಹೋಗುತ್ತದೆ. ದೋಣಿ ನಿಲ್ಲುವುದರೊಳಗೆ ಅವಳನ್ನು ಹೊಳೆ ದಾಟಿಸಬೇಕು ಎಂದು ಹೊರಟ.

ಎತ್ತಿನ ಒಂದು ಕಡೆ ಬುಟ್ಟಿಯಲ್ಲಿ ಮಗಳು, ಇನ್ನೊಂದು ಕಡೆ ಮಾವನ ಮನೆಗೆಂದು ಉಪ್ಪು. ತಕ್ಕಡಿಯ ಒಂದು ತಟ್ಟೆಯಲ್ಲಿ ಮಗಳನ್ನು ಕೂರಿಸಿ, ಇನ್ನೊಂದರಲ್ಲಿ ಉಪ್ಪು ಸುರಿದು, ಅಷ್ಟನ್ನೇ ಮೂಟೆ ಹೊಲಿದ. ಗಾಳಿ ತಗುಲಿದರೆ ಉಪ್ಪು ನೀರೊಡೆಯುವುದರಿಂದ ಹೊಲಿದ ಮೂಟೆಯನ್ನು ದಾರಿಯಲ್ಲಿ ಬಿಚ್ಚುವಂತಿಲ್ಲ. ಹಾಗಿದ್ದರೆ ಮಗಳು ನಡುವೆ ಇಳಿದಾಗ ಏನು ಮಾಡುವುದು? ಅದಕ್ಕೂ ಯೋಚಿಸಿ ಅವಳ ತೂಕಕ್ಕೆ ಸರಿಯಾಗಿ ಏಳು ಗುಂಡುಕಲ್ಲು ಆರಿಸಿಕೊಂಡ. ಅವಳು ಕೂತಿರುವಾಗ ಕಲ್ಲುಗಳು ಎತ್ತಿನ ಬೆನ್ನ ನಡುವಿನ ಚೀಲದಲ್ಲಿ, ಇಳಿದಾಗ ಬುಟ್ಟಿಯಲ್ಲಿ. ಊಟವಾದ ಮೇಲಿನ ತೂಕಕ್ಕೆಂದು ಇನ್ನೊಂದು ಚಿಕ್ಕ ಕಲ್ಲನ್ನೂ ಸೇರಿಸಿದ.

ಪಕ್ಕದ ಮನೆಯ ಮುದುಕಿ ಇದನ್ನೆಲ್ಲ ನೋಡುತ್ತಿದ್ದಳು. "ಅಲ್ಲಯ್ಯಾ, ಮಗಳನ್ನ ತಾಯಿ ಹತ್ರ ಕರ್ಕೊಂಡು ಹೋಗ್ತಿದ್ದೀಯೋ, ಸಂತೆಗೆ ಒಯ್ತಿದ್ದೀಯೋ?" ಎಂದಳು.

ಹೊಳೆಗೆ ಮೂರು ದಿನದ ದಾರಿ. ಊರಗಡಿ ದಾಟುವ ಮೊದಲೇ ಮಗಳು, "ನಾನೇ ನಡೀತೀನಿ," ಎಂದಳು. ಇಳಿಸಿ ಕಲ್ಲು ತುಂಬಿದ. ಹತ್ತು ಹೆಜ್ಜೆ ನಡೆದು, ಕಾಲು ನೋವು ಎಂದು ಕೂತುಬಿಟ್ಟಳು. ಕಲ್ಲು ತೆಗೆದು ಅವಳನ್ನು ಕೂರಿಸಿದ. ಕೂತವಳಿಗೆ ನೀರು ಬೇಕಾಯಿತು. ಕೊಟ್ಟರೆ ಚೆಲ್ಲಿದಳು, ಚೆಲ್ಲಿತೆಂದು ಅತ್ತಳು, ಅಳುತ್ತಲೇ ಇಳಿದಳು. ಏಳರಲ್ಲಿ ಒಂದು ಕಲ್ಲು ಅವಳಿಗೆ ಇಷ್ಟವಾಯಿತು. ಅದನ್ನು ಬುಟ್ಟಿಗೆ ಹಾಕಗೊಡಲಿಲ್ಲ. ಹೇರು ಅಷ್ಟರಮಟ್ಟಿಗೆ ವಾಲಿತು. ಅದನ್ನು ಅವಳ ಕೈಯಿಂದ ಬಿಡಿಸಿಕೊಳ್ಳಲು ಅರ್ಧ ಗಂಟೆ ಹೋಯಿತು. ಹಸಿವೆಯೇ ಎಂದರೆ ಇಲ್ಲ ಎನ್ನುವಳು. ರೊಟ್ಟಿ ಒಳಗಿಟ್ಟರೆ ಬೇಕು ಎನ್ನುವಳು. ಯಾವುದರಿಂದ ಯಾವುದಾಗುತ್ತದೆ ಎಂದು ಅವನಿಗೆ ಹೊಳೆಯಲಿಲ್ಲ. ಮಧ್ಯಾಹ್ನವಾಗುವಷ್ಟರಲ್ಲಿ ಬುಟ್ಟಿಯಲ್ಲಿರುವುದು ಮಗಳೋ ಕಲ್ಲೋ ಎಂದು ಇಣುಕಿ ನೋಡಿಯೇ ತಿಳಿಯಬೇಕಾಯಿತು.

ಅವಳು ನಿದ್ದೆಹೋದಾಗ ಮಾತ್ರ ದಾರಿ ಸಾಗುತ್ತಿತ್ತು. ಆಗ ಬಿಸಿಲು ಬೀಳದಂತೆ ಬುಟ್ಟಿಯ ಮೇಲೆ ಕಂಬಳಿ ಎಳೆದು ಬೇಗ ಬೇಗ ನಡೆಯುತ್ತಿದ್ದ.

ಮೂರು ದಿನದ ದಾರಿ ಐದನೆಯ ದಿನ ಬಂದರೂ ಮುಗಿದಿರಲಿಲ್ಲ. ಅಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿತು. ಮಗಳು ಇರುವೆ ಸಾಲು ನೋಡಬೇಕೆಂದು ಇಳಿದು ದಾರಿಯ ಪಕ್ಕದಲ್ಲಿ ಕೂತಳು. ಅವನು ಎಂದಿನಂತೆ ಕಲ್ಲು ತುಂಬಿದ. ಅಷ್ಟರಲ್ಲಿ ನಾಲ್ಕು ಹನಿ ಬಿತ್ತು. ಉಪ್ಪು ನೆನೆಯಬಾರದೆಂದು ಕಂಬಳಿಯನ್ನು ಇಡೀ ಹೇರಿನ ಮೇಲೆ ಹೊದಿಸಿದ. ಬಾಗಿ ಎತ್ತಿನ ಹೊಟ್ಟೆಯ ಪಟ್ಟಿ ಬಿಗಿಯುತ್ತಿರುವಾಗ ಗುಡುಗಿತು. ಎತ್ತು ಬೆದರಿ ಓಡಿತು. ಹಿಂದೆ ಓಡಿ, ಎರಡು ತಿರುವು ದಾಟಿ, ಅದರ ಹಗ್ಗ ಹಿಡಿದ. ಏದುಸಿರು ಬಿಡುತ್ತ ಹೇರಿನತ್ತ ನೋಡಿದ. ಕಂಬಳಿ ಎಳೆದಿದೆ. ಹೇರು ಸಮವಾಗಿದೆ. ಸದ್ದಿಲ್ಲ. ಓಡಿದ ಗಾಬರಿಯಲ್ಲಿ ಅವಳು ಇಳಿದದ್ದು ಮರೆತು, ಮಲಗಿದ್ದಾಳೆ ಎಂದುಕೊಂಡ.

ಹಗ್ಗ ಹಿಡಿದು ಮುಂದೆ ನಡೆದ. ಎತ್ತು ಒಂದೇ ಲಯದಲ್ಲಿ ಹೆಜ್ಜೆ ಹಾಕಿತು. ಐದು ದಿನಗಳಲ್ಲಿ ಮೊದಲ ಸಲ ಅವನ ಮನಸ್ಸು ಹಗುರವಾಯಿತು. ಮಕ್ಕಳನ್ನು ಕರೆದುಕೊಂಡು ಹೋಗುವ ಬಗೆ ಕೊನೆಗೂ ಕೈಹತ್ತಿತು ಎನಿಸಿತು. ಹೀಗೆ ಒಂದು ಹರದಾರಿ ನಡೆದು ಹೊಳೆ ಸೇರಿದ.

ಅಂಬಿಗ ದೋಣಿಯ ಹಗ್ಗ ಬಿಚ್ಚುತ್ತಿದ್ದ. "ಬೇಗ ಬಾರಯ್ಯ. ಇದೇ ಕಡೇದು. ಮೇಲಿಂದ ಕೆಂಪುನೀರು ಬರ್ತಾ ಇದೆ."

"ಮೆಲ್ಲಗೆ ಮಾತಾಡಣ್ಣ, ಮಗು ಮಲಗಿದೆ," ಎಂದು ಪಿಸುಗುಟ್ಟಿ ಕಂಬಳಿ ಎತ್ತಿದ.

ಏಳು ಕಲ್ಲು ಇದ್ದವು.

ಅವನಿಗೆ ಕೂಡಲೇ ಅರ್ಥವಾಗಲಿಲ್ಲ. ಆ ಕಡೆ ಹೋಗಿ ಉಪ್ಪಿನ ಮೂಟೆ ಮುಟ್ಟಿ ನೋಡಿದ. ನಡುವಿನ ಚೀಲದಲ್ಲಿ ಕೈಯಾಡಿಸಿದ. ಮತ್ತೆ ಬುಟ್ಟಿ ನೋಡಿದ. ತೂಕ ಸರಿಯಿದೆ, ಮಗಳಿಲ್ಲ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ತಿಳಿಯದೆ ನಿಂತ.

"ಹತ್ತುತ್ತೀಯೋ ಇಲ್ವೋ?" ಎಂದ ಅಂಬಿಗ.

ವ್ಯಾಪಾರಿ ಎತ್ತನ್ನು ಅಲ್ಲೇ ಬಿಟ್ಟು ಬಂದ ದಾರಿಯಲ್ಲಿ ಓಡಿದ. ಮಳೆ ಜೋರಾಯಿತು. ಒಂದು ಹರದಾರಿಯ ಆಚೆ, ಮರದ ಬುಡದಲ್ಲಿ, ಆಡು ಕಾಯುವ ಹೆಂಗಸೊಬ್ಬಳು ಮಳೆಗೆಂದು ತಲೆಯ ಮೇಲೆ ಹೊದ್ದ ಗೋಣಿಯ ಕೊಪ್ಪೆಯೊಳಗೆ ಮಗಳನ್ನು ಸೇರಿಸಿಕೊಂಡು ಕೂತಿದ್ದಳು. ಅತ್ತು ಅತ್ತು ಮಗುವಿನ ಗಂಟಲು ಕಟ್ಟಿತ್ತು.

"ನಿನ್ನದೇನಾ ಇದು?" ಎಂದಳು ಹೆಂಗಸು.

"ನನ್ನದೇ ತಾಯಿ. ಬುಟ್ಟೀಲಿ ಇದ್ದಾಳೆ ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ದೆ ಅಂತೆ. ನಾನು ನಲವತ್ತು ಆಡು ಕಾಯ್ತೀನಿ. ಒಂದು ಹಿಂದೆ ಬಿದ್ದರೂ ನಂಗೆ ಗೊತ್ತಾಗುತ್ತೆ. ನಿಂಗೆ ಇದ್ದದ್ದೊಂದು."

"ತೂಕ ಸರಿಯಾಗಿತ್ತು," ಎಂದ. ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ವಿಚಿತ್ರವಾಗಿ ಕೇಳಿಸಿತು. ಹೆಂಗಸು ಮಗುವನ್ನು ಎತ್ತಿ ಅವನ ಕೈಗೆ ಕೊಟ್ಟಳು.

ಹೊಳೆಗೆ ಮರಳುವಷ್ಟರಲ್ಲಿ ದೋಣಿ ಹೋಗಿತ್ತು. ಆಚೆ ದಡದಲ್ಲಿ ಯಾರೋ ಒಬ್ಬ ಹೆಂಗಸು ನಿಂತಂತೆ ಕಂಡಿತು. ಮಳೆಯಲ್ಲಿ ಖಚಿತವಾಗಲಿಲ್ಲ.

ಹೊಳೆಯ ಮೇಲ್ಗಡೆ, ಆರು ದಿನ ನಡೆದರೆ, ಎರಡು ಬಂಡೆಗಳ ನಡುವೆ ಬಿದಿರಿನ ಸೇತುವೆ ಇತ್ತು. ಅತ್ತ ಹೊರಟ. ಕಲ್ಲುಗಳನ್ನು ದಡದಲ್ಲೇ ಸುರಿದ. ಮಗಳು ಇಳಿದಾಗಲೆಲ್ಲ ಹೇರು ವಾಲಿತು. ವಾಲಿದ ಕಡೆಗೆ ಹೆಗಲು ಕೊಟ್ಟು, ಅವಳನ್ನು ನೋಡುತ್ತ, ಎಡವುತ್ತ ನಡೆದ. ಅವಳು ಯಾಕೆ ಅಳುತ್ತಾಳೆ, ಯಾಕೆ ನಗುತ್ತಾಳೆ ಎಂದು ಆಗಲೂ ತಿಳಿಯಲಿಲ್ಲ. ಆರು ದಿನದ ದಾರಿಗೆ ಹತ್ತು ದಿನ ಹಿಡಿಯಿತು. ಎತ್ತನ್ನೂ ಉಪ್ಪನ್ನೂ ಸೇತುವೆಯ ಈಚೆ ಒಂದು ಮನೆಯಲ್ಲಿ ಬಿಟ್ಟು, ಮಗಳನ್ನು ಎತ್ತಿಕೊಂಡು ದಾಟಿದ. ತವರಿನ ಬಾಗಿಲಲ್ಲಿ ಮಗಳು ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಪ್ಪನ ಕೊರಳು ಬಿಟ್ಟು ಅವಳತ್ತ ಬಾಗಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಬಸವಂತ ಎಂದ: "ಹೇರನ್ನು ಸಮವಾಗಿಡುವುದು ಅವನ ಕಸುಬು, ಗುರುಗಳೇ. ಅದನ್ನು ಚೆನ್ನಾಗಿಯೇ ಮಾಡಿದ. ಅದರಲ್ಲಿ ಅವನ ತಪ್ಪೇನು ಎಂದು ನನಗೆ ತಿಳಿಯಲಿಲ್ಲ."

ಗುರುಗಳು ಹೇಳಿದರು: "ಇಡೀ ಪ್ರಯಾಣದಲ್ಲಿ ಆ ಎತ್ತು ಎಲ್ಲಕ್ಕಿಂತ ನೇರವಾಗಿ ನಡೆದದ್ದು ಆ ಒಂದು ಹರದಾರಿಯಲ್ಲೇ."