ಚಂಪಿಯ ಲೆನ್ಸ್ ಹುಡ್

ಎತ್ತರದ ಮರಗಳ ಒಂದು ಕಾಡಿನಲ್ಲಿ ಚಂಪಿ ಎಂಬ ಕೆಂದಳಿಲು ಇತ್ತು. ಅದರ ಸೋದರಮಾವ ಪಕ್ಕದ ಕಾಡಿನಿಂದ ಬಂದಾಗ ಒಂದು ಕ್ಯಾಮೆರಾ ಕೊಟ್ಟು ಹೋಗಿತ್ತು. ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಅದಕ್ಕಿತ್ತು. ಲೆನ್ಸಿನ ಮುಂದೆ ಸಿಕ್ಕಿಸಲು ಒಂದು ಕಪ್ಪು ಕೊಳವೆಯೂ ಇತ್ತು. “ಇದಕ್ಕೆ ಹುಡ್ ಅಂತಾರೆ. ಜೋಪಾನ” ಎಂದಷ್ಟೇ ಮಾವ ಹೇಳಿತ್ತು. ಅದು ಯಾತಕ್ಕೆ ಎಂದು ಚಂಪಿಯೂ ಕೇಳಿರಲಿಲ್ಲ.

ಆ ಕಾಡಿನಲ್ಲಿ ಅದುವರೆಗೆ ಫೋಟೊ ತೆಗೆಯುತ್ತಿದ್ದುದು ರಂಗಣ್ಣ ಎಂಬ ಮುಂಗುಸಿ ಮಾತ್ರ. ಜಿಂಕೆಗೆ ಮರಿ ಹುಟ್ಟಲಿ, ನವಿಲಿಗೆ ಹೊಸ ಗರಿ ಬರಲಿ, ಎಲ್ಲರೂ ರಂಗಣ್ಣನನ್ನೇ ಕರೆಯುತ್ತಿದ್ದರು. ಚಂಪಿಯ ಕೈಯಲ್ಲಿ ಕ್ಯಾಮೆರಾ ಕಂಡ ದಿನದಿಂದ ಅದಕ್ಕೆ ಹೊಟ್ಟೆಯುರಿ ಶುರುವಾಯಿತು.

ಒಂದು ಬೆಳಿಗ್ಗೆ ಮಂಗಟ್ಟೆ ಹಕ್ಕಿ ಇಬ್ಬರ ಬಳಿಯೂ ಬಂತು. “ನಾಳೆ ಸಂಜೆ ನನ್ನ ಹೆಂಡತಿ ಮರದ ಪೊಟರೆಯಲ್ಲಿ ಗೂಡು ಸೇರ್ತಾಳೆ. ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಂಡರೆ ಮೂರು ತಿಂಗಳು ಹೊರಗೆ ಬರೋ ಹಾಗಿಲ್ಲ. ಇದು ನಮ್ಮ ಮೊದಲ ಗೂಡು. ಅದಕ್ಕೆ ಮುಂಚೆ ನಾವಿಬ್ಬರೂ ಜೊತೆಗಿರೋ ಒಂದು ಫೋಟೊ ಬೇಕು. ಒಬ್ಬರದು ಕೆಟ್ಟರೂ ಇನ್ನೊಬ್ಬರದು ಇರುತ್ತೆ, ನೀವಿಬ್ಬರೂ ಬನ್ನಿ” ಎಂದಿತು.

ಮಧ್ಯಾಹ್ನ ರಂಗಣ್ಣ ಚಂಪಿಯನ್ನು ಹುಡುಕಿಕೊಂಡು ಬಂತು.

“ಆ ಕೊಳವೆ ಯಾಕಮ್ಮ ಹೊತ್ತುಕೊಂಡು ತಿರುಗ್ತೀಯ?”

“ಮಾವ ಕೊಟ್ಟಿದ್ದು ಅಣ್ಣ.”

“ಅದು ಪಳಗಿದವರಿಗೆ. ಹೊಸಬರು ಹಾಕಿದರೆ ಬೆಳಕನ್ನೆಲ್ಲ ನುಂಗಿಬಿಡುತ್ತೆ. ನನ್ನ ಹತ್ತಿರ ಇರಲಿ, ನೀನು ಕಲಿತ ಮೇಲೆ ಕೊಡ್ತೀನಿ.”

ಹಿರಿಯರ ಮಾತು ಎಂದು ಚಂಪಿ ಕೊಳವೆಯನ್ನು ಕೊಟ್ಟುಬಿಟ್ಟಿತು.

ಅಂದು ಸಂಜೆ ಅದು ಗೂಡಿನ ಮರದ ಎದುರು ಕೂತು ಕೈ ಪಳಗಿಸಿಕೊಳ್ಳಲು ನೋಡಿತು. ಇಳಿಬಿಸಿಲು ಓರೆಯಾಗಿ ಲೆನ್ಸಿಗೆ ಬೀಳುತ್ತಿತ್ತು. ತೆಗೆದ ಚಿತ್ರಗಳೆಲ್ಲ ಹಾಲು ಚೆಲ್ಲಿದಂತೆ ಬಿಳಚಿಕೊಂಡಿದ್ದವು, ನಡುವೆ ಬೆಳಕಿನ ಉರುಟು ಕಲೆಗಳು. ಇನ್ನೊಂದು ಮಗ್ಗುಲಿನಿಂದ ತೆಗೆಯೋಣವೆಂದರೆ ಅಲ್ಲಿ ಕಡಿದಾದ ಕಮರಿ. ಚಂಪಿಗೆ ಅಳು ಬಂತು. ನಾಳೆ ಕೆಟ್ಟರೆ ಮತ್ತೆ ತೆಗೆಯಲು ಮೂರು ತಿಂಗಳು ಕಾಯಬೇಕು.

ಪಕ್ಕದ ಕೊಂಬೆಯಲ್ಲಿ ಮುಸುವಜ್ಜಿ ಎಂಬ ಮುದಿ ಕೋತಿ ಕೂತು ದೂರದಲ್ಲಿ ಆಡುತ್ತಿದ್ದ ಮೊಮ್ಮಕ್ಕಳನ್ನು ನೋಡುತ್ತಿತ್ತು. ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದಿತ್ತು.

“ಯಾಕಜ್ಜಿ ಹಾಗೆ ಕೈ ಹಿಡಿದಿದ್ದೀರಿ?”

“ಬಿಸಿಲು ಕಣ್ಣಿಗೆ ಹೊಡೆದರೆ ಎದುರಿಗಿರೋದು ಕಾಣಲ್ಲ ಮಗಳೇ.”

ಚಂಪಿ ಕ್ಯಾಮೆರಾವನ್ನು ನೋಡಿತು. ಲೆನ್ಸಿನ ಪಕ್ಕ ತನ್ನ ಅಂಗೈ ಅಡ್ಡ ಹಿಡಿದು ಒಂದು ಚಿತ್ರ ತೆಗೆಯಿತು. ಕಲೆಗಳು ಮಾಯವಾಗಿದ್ದವು. ಮರದ ತೊಗಟೆಯ ಗೆರೆಗಳೂ ಎದ್ದು ಕಂಡವು. ಕೊಳವೆ ಯಾತಕ್ಕೆ ಎಂಬುದು ಅದಕ್ಕೆ ಆಗ ತಿಳಿಯಿತು.

ಮರುದಿನ ಸಂಜೆ ಮಂಗಟ್ಟೆಗಳು ಪೊಟರೆಯ ಬಳಿ ಒತ್ತಿಕೊಂಡು ಕೂತವು. ಚಂಪಿ ಕ್ಯಾಮೆರಾವನ್ನು ಎದುರಿನ ಮರದ ಕೊಂಬೆಯ ಕವಲಿನಲ್ಲಿ ಊರಿ, ಒಂದು ತೇಗದ ಎಲೆಯನ್ನು ಬಿಸಿಲಿಗೆ ಮರೆ ಹಿಡಿಯಿತು. ಎಲೆ ಚಿತ್ರದೊಳಗೆ ಇಣುಕದಂತೆ ಎರಡು ಸಲ ನೋಡಿಕೊಂಡಿತು.

ರಂಗಣ್ಣ ಗೂಡಿನ ಮರದ ಬುಡದಲ್ಲಿ ನಿಂತಿತ್ತು. ಚಂಪಿಯ ಕೊಳವೆಯನ್ನು ತನ್ನ ಲೆನ್ಸಿಗೆ ಬಳ್ಳಿಯಿಂದ ಬಿಗಿದಿತ್ತು. ಅದರ ಲೆನ್ಸ್ ಅಗಲಕ್ಕೆ ನೋಡುವಂಥದ್ದು. ಉದ್ದನೆಯ ಕೊಳವೆ ಅದಕ್ಕೆ ಒಗ್ಗುವಂತಿರಲಿಲ್ಲ. “ಎಲೆ ಹಿಡ್ಕೊಂಡು ಫೋಟೊ ತೆಗೀತಾಳಂತೆ” ಎಂದು ನಗುತ್ತ ಅದು ಪರದೆಯ ಕಡೆ ಕಣ್ಣು ಹಾಯಿಸದೆ ಗುಂಡಿ ಒತ್ತಿತು.

ಹೊತ್ತು ಮುಳುಗಿತು. ಹೆಣ್ಣು ಮಂಗಟ್ಟೆ ಒಳಗೆ ಹೋಗಿ ಪೊಟರೆಯ ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಂಡಿತು. ಕೊಕ್ಕು ಹಾಯುವಷ್ಟು ಸಂದು ಮಾತ್ರ ಉಳಿಯಿತು.

ಗಂಡು ಕೆಳಗಿಳಿದು ರಂಗಣ್ಣನ ಚಿತ್ರ ನೋಡಿತು. ನಡುವೆ ಉರುಟಾಗಿ ಮರದ ಕಾಂಡ, ಸುತ್ತ ಕೊಳವೆಯ ಒಳಗೋಡೆಯ ಕಪ್ಪು. ಹಕ್ಕಿಗಳೆರಡೂ ಮೇಲಿನ ಕಪ್ಪಿನೊಳಗೆ ಮುಳುಗಿ ಹೋಗಿದ್ದವು.

“ನಾವೆಲ್ಲಿ ರಂಗಣ್ಣ?”

“ಇನ್ನೊಂದು ಸಲ ಆಕೆಯನ್ನ ಕರೀರಿ” ಎಂದು ರಂಗಣ್ಣ ತೊದಲಿತು.

“ಕರೆಯೋ ಹಾಗಿದ್ದಿದ್ದರೆ ನಿಮ್ಮನ್ನ ಯಾಕೆ ಕರೀತಿದ್ದೆ?” ಎಂದು ಮಂಗಟ್ಟೆ, ಕೆಳಗಿಳಿದು ಬಂದಿದ್ದ ಚಂಪಿಯತ್ತ ತಿರುಗಿತು.

ರಂಗಣ್ಣ ಬಳ್ಳಿ ಬಿಚ್ಚಿ, ತಲೆ ತಗ್ಗಿಸಿ, ಕೊಳವೆಯನ್ನು ಚಂಪಿಯ ಮುಂದಿಟ್ಟಿತು. “ಹೊಸಬರಿಗೆ ಬೇಡ ಅಂತ ನಾನು ಸುಳ್ಳು ಹೇಳಿದೆ” ಎಂದಿತು.

“ಇರಲಿ ಅಣ್ಣ. ಎಲೆ ಹಿಡಿಯೋಕೆ ಕೈ ಬಿಡುವಿಲ್ಲದಾಗ ನನಗಿದು ಬೇಕಾಗುತ್ತೆ” ಎಂದು ಚಂಪಿ ಅದನ್ನು ತೆಗೆದುಕೊಂಡಿತು.

ಆಮೇಲೆ ಕ್ಯಾಮೆರಾ ಹಿಡಿದು ಗೂಡಿನ ಮರ ಹತ್ತಿ, ತಾನು ತೆಗೆದ ಚಿತ್ರವಿದ್ದ ಪರದೆಯನ್ನು ಸಂದಿಗೆ ಒಡ್ಡಿತು; ಗಂಡೂ ಹಾರಿ ಬಂದು ಪಕ್ಕದಲ್ಲಿ ಕೂತಿತು. ಚಿತ್ರದಲ್ಲಿ ಎರಡು ಹಳದಿ ಕೊಕ್ಕುಗಳು, ನಾಲ್ಕು ಕಣ್ಣುಗಳು ನಿಚ್ಚಳವಾಗಿದ್ದವು. ಹೆಣ್ಣು ಮಂಗಟ್ಟೆ ಬಹಳ ಹೊತ್ತು ನೋಡಿತು. ಕೊನೆಗೆ ಗಂಡನಿಗೆ, “ಎಷ್ಟು ಸೊರಗಿದ್ದೀರಿ ನೀವು. ನನಗೆ ಹಣ್ಣು ತರೋವಾಗ ದಿನಾ ನೀವೂ ತಿನ್ನಬೇಕು” ಎಂದಿತು.

ಗಂಡು ಹೂಂ ಎಂದು ಹಣ್ಣು ಬಿಟ್ಟಿದ್ದ ಆಲದ ಮರದ ಕಡೆ ಹಾರಿತು.

ನೀತಿ: ಸಲಕರಣೆ ಯಾತಕ್ಕೆಂದು ಅರಿತವರಿಗೆ ಎಲೆಯೂ ಸಾಕು, ಅರಿಯದೆ ಕಸಿದುಕೊಂಡವರಿಗೆ ಒಳ್ಳೆಯ ಸಲಕರಣೆಯೂ ಕೆಲಸ ಕೆಡಿಸುತ್ತದೆ.