ಅಗಸೆ ದಾಟದ ಕಾಳು

“ಗುರುಗಳೇ, ಕುಲಾಂತರಿ ಕಾಳು ಬೇಡವೆಂದು ಹಸಿದ ಜನ ನಮ್ಮ ಗಾಡಿಗಳನ್ನು ಹಿಂದಕ್ಕೆ ಕಳಿಸಿದರು. ಹೊಟ್ಟೆಗಿಲ್ಲದವರಿಗೆ ಇಷ್ಟು ಹಟ ಯಾಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನ ಹೊಲಗಳನ್ನು ಎರಡು ವರ್ಷ ಮಿಡತೆ ಬೋಳಿಸಿತು. ಸುದ್ದಿ ತಿಳಿದ ಒಬ್ಬ ಸಾಹುಕಾರ ನೂರು ಗಾಡಿ ಜೋಳ ಹೇರಿಕೊಂಡು ಹೊರಟ. ಹುಳ ಮುಟ್ಟದ ಹಾಗೆ ಅವನ ನಾಡಿನ ಪಂಡಿತರು ಬೀಜದ ಒಳಗುಣವನ್ನೇ ತಿದ್ದಿ ಬೆಳೆಸಿದ ಜೋಳ ಅದು. ಗಾಡಿಗಿಂತ ಮೊದಲು ಆ ಮಾತು ಊರು ಮುಟ್ಟಿತು. ಗಾಡಿಗಳು ಬಂದಾಗ ಊರ ಅಗಸೆ ಬಾಗಿಲು ಮುಚ್ಚಿತ್ತು. ಜನ ಹೊರಗೆ ಬಂದು ಕೂತಿದ್ದರು. ಒಬ್ಬರೂ ಚೀಲ ಒಡ್ಡಲಿಲ್ಲ.

ಸಾಹುಕಾರನಿಗೆ ಕಾರಣ ಹೊಳೆದೇಬಿಟ್ಟಿತು. ಪಾಪ, ವಿಷವೆಂದು ಹೆದರಿದ್ದಾರೆ! ಅವನೇನು ಹಿಂದೆ ಸರಿಯುವ ಆಳಲ್ಲ. ಅಗಸೆಯ ಮುಂದೆಯೇ ಒಲೆ ಹೂಡಿಸಿದ, ಅದೇ ಜೋಳದ ರೊಟ್ಟಿ ತಟ್ಟಿಸಿದ, ಎಲ್ಲರ ಎದುರು ಮುರಿದು ತಿಂದ. ಒಂದು ದಿನವಲ್ಲ, ಮೂರು ದಿನ.

ಅನ್ನಕ್ಕೆ ಬರ ಬಂದಿದ್ದರೂ ಆ ಊರಿನಲ್ಲಿ ಮಾತಿಗೆ ಬರ ಬಂದಿರಲಿಲ್ಲ. ಮೂರನೆಯ ದಿನ ಒಬ್ಬ ರೈತ ಎದ್ದು ನಿಂತ. “ಸಾಹುಕಾರರೇ, ನೀವು ಉಣ್ಣುತ್ತಲೇ ಇದ್ದೀರಿ, ನಮಗಿನ್ನೂ ತೇಗು ಬಂದಿಲ್ಲವಲ್ಲ!” ಎಂದ. ಬರಿಹೊಟ್ಟೆಯ ಊರು ಬಿದ್ದು ಬಿದ್ದು ನಕ್ಕಿತು.

ಸಾಹುಕಾರ ಕೆರಳಿದ. “ವಿಷವಾಗಿದ್ದರೆ ಇಷ್ಟು ಹೊತ್ತಿಗೆ ನಾನು ಸಾಯಬೇಕಿತ್ತಲ್ಲವೇನಯ್ಯ?”

“ವಿಷ ಅಂತ ಯಾರಂದರು?”

ಯಾರೂ ಅಂದಿರಲಿಲ್ಲ. ಸಾಹುಕಾರನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಮತ್ತೆ ಹೆದರಿಕೆ ಯಾತಕ್ಕೆ?” ಎಂದು ಕೇಳಿದ.

ರೈತ ಅವನನ್ನು ಮನೆಗೆ ಕರೆದೊಯ್ದ. ಅಲ್ಲಿ ರೈತನ ತಾಯಿ ಏಳಲಾರದೆ ಚಾಪೆಯ ಮೇಲೆ ಮಲಗಿದ್ದಳು. ತಲೆಯ ಬಳಿ ಬೀಜದ ಗಡಿಗೆ ಇತ್ತು. ಅದರ ಬಾಯಿಗೆ ಮೆತ್ತಿದ ಸಗಣಿ ಬಿರುಕು ಬಿಟ್ಟಿರಲಿಲ್ಲ.

“ಇದು ನಮ್ಮ ತಾತನ ಬಿಳಿಜೋಳ. ಜೀವ ಹೋಗುವ ಹೊತ್ತಿನಲ್ಲೂ ಅವ್ವ ಇದರ ಬಾಯಿ ತೆಗೆಯಲು ಬಿಡುತ್ತಿಲ್ಲ. ನಿಮ್ಮ ಕಾಳು ಇಡಿಯಾಗಿ ಊರೊಳಗೆ ಬಂದರೆ, ಮಳೆ ಬಿದ್ದ ದಿನ ಯಾರಾದರೂ ಒಂದು ಹಿಡಿ ಬಿತ್ತಿಯೇ ಬಿತ್ತುತ್ತಾರೆ. ತೆನೆ ಹೂಬಿಟ್ಟಾಗ ಗಾಳಿ ಬದು ನೋಡಿ ಬೀಸುತ್ತದೆಯೇ? ಬೆರೆತ ಮೇಲೆ ನಮ್ಮ ಬೀಜವನ್ನು ಯಾರು ಆರಿಸಿ ಕೊಡುತ್ತಾರೆ?”

ಸಾಹುಕಾರ ಚಾಪೆಯ ಪಕ್ಕದಲ್ಲಿ ನೆಲಕ್ಕೆ ಕೂತ. “ನಾನು ಏನು ಮಾಡಲಿ, ತಾಯಿ?”

ಮುದುಕಿ ಕಣ್ಣು ತೆರೆದಳು. “ಬೀಸಿ ಕೊಡಪ್ಪ. ಹಿಟ್ಟು ಮೊಳೆಯುವುದಿಲ್ಲ.”

ಅಗಸೆ ಬಾಗಿಲು ತೆರೆಯಿತು. ಊರಿನ ಬೀಸುಕಲ್ಲುಗಳೆಲ್ಲ ಉರುಳಿಕೊಂಡು ಹೊರಗೆ ಬಂದವು. ಹೆಂಗಸರು ಒಂದು ಕಡೆ ಕೂತರು, ಗಾಡಿ ಹೊಡೆಯುವವರು ಇನ್ನೊಂದು ಕಡೆ. ಸಾಹುಕಾರನೂ ಒಂದು ಗೂಟ ಹಿಡಿದ. ಅಂಗೈ ಬೊಬ್ಬೆ ಎದ್ದರೂ ಬಿಡಲಿಲ್ಲ. ಒಂದು ಕಾಳೂ ಅಗಸೆ ದಾಟಲಿಲ್ಲ, ಹಿಟ್ಟು ದಾಟಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮನೆಗಳ ಮೇಲೂ ಹೊಗೆ ಎದ್ದಿತು. ಮೊದಲ ಅಂಬಲಿ ಮುದುಕಿಯ ಬಾಯಿಗೆ ಬಿತ್ತು. ಅವಳು ಎರಡು ಗುಟುಕು ನುಂಗಿ, “ಉಪ್ಪು ಹಾಕುವುದಕ್ಕೆ ಏನು ದಾಡಿ ನಿನಗೆ?” ಎಂದು ಸೊಸೆಯನ್ನು ಗದರಿದಳು. ಬೈಗುಳ ಕೇಳಿ ಮನೆಯವರಿಗೆಲ್ಲ ಹೋದ ಜೀವ ಬಂದಂತಾಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟು, “ಸದ್ಯ, ಬದುಕಿಕೊಂಡರು! ಆದರೂ ಗುರುಗಳೇ, ಇಷ್ಟನ್ನು ಆ ಜನ ಮೊದಲ ದಿನವೇ ಹೇಳಬಹುದಿತ್ತಲ್ಲ?” ಎಂದ.

“ಮೊದಲ ದಿನ ಕೇಳಿದವರು ಯಾರು?” ಎಂದರು ಗುರುಗಳು.